50 ಮೀಟರ್ ರೈಫಲ್ಲಿಗೆ ಪಾಯಿಂಟ್ ಟೂಟೂ ತೋಟಾ ಆರಿಸುವ ಕ್ರಮ

ಪಾಯಿಂಟ್ ಟೂಟೂ, ಅಂದರೆ .22 ಇಂಚು ಅಳತೆಯ, ತೋಟಾದ ಪೆಟ್ಟಿಗೆ ಕೈಗೆ ಬಂದಾಗ ಹೆಚ್ಚಿನವರ ಕಣ್ಣು ಮೊದಲು ಕಂಪನಿಯ ಹೆಸರಿನ ಮೇಲೆ, ಆಮೇಲೆ ಬೆಲೆಯ ಮೇಲೆ ಹೋಗುತ್ತದೆ. ಸಣ್ಣದಾಗಿ ಅಚ್ಚಾಗಿರುವ ಲಾಟ್ ಸಂಖ್ಯೆಯನ್ನು, ಅಂದರೆ ಒಂದೇ ಸಲಕ್ಕೆ ತಯಾರಾದ ಕಂತಿನ ಗುರುತನ್ನು, ಓದುವ ಅಭ್ಯಾಸ ಬಹಳ ಜನರಿಗಿಲ್ಲ. ಬೆಂಗಳೂರಿನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹಾರಿಸುವ) ಸ್ಪರ್ಧೆಗೋ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದ ಮೂರು ಭಂಗಿಗಳ ಸ್ಪರ್ಧೆಗೋ ಅಭ್ಯಾಸ ನಡೆಸುವವರು ಆ ಸಂಖ್ಯೆಯಿಂದಲೇ ಆಯ್ಕೆಯನ್ನು ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ದೂರದ ಬೇಟೆಯ ರೈಫಲ್ಲುಗಳ ಬಗ್ಗೆ ಹೊರದೇಶದವರು ಕೊಡುವ ಸಲಹೆ ನಮಗೆ ಸಲ್ಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಇಲ್ಲಿ ಅಪರಾಧ. ಅಲ್ಲದೆ, ಬೇಟೆಯವರು ಮೆಚ್ಚುವ ಹೆಚ್ಚಿನ ವೇಗವೇ ನಮ್ಮ ಗುರಿಗೆ ದೋಷವಾಗಿ ಪರಿಣಮಿಸುತ್ತದೆ.

ಸ್ಪರ್ಧೆಯ ತೋಟಾದಲ್ಲಿ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡಿದ್ದು, ಅದು ಸೆಕೆಂಡಿಗೆ 320ರಿಂದ 330 ಮೀಟರ್ ವೇಗದಲ್ಲಿ ಬ್ಯಾರೆಲ್ ಬಿಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸುಮಾರು 343 ಮೀಟರ್. ಗುಂಡು ಈ ಗಡಿಗಿಂತ ಕೆಳಗೇ ಇರಲೆಂದು ತಯಾರಕರು ಉದ್ದೇಶಪೂರ್ವಕವಾಗಿ ವೇಗವನ್ನು ತಗ್ಗಿಸಿರುತ್ತಾರೆ. ಹೈ ವೆಲಾಸಿಟಿ ಎಂದು ಬರೆದಿರುವ ತೋಟಾದ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು, ದಾರಿಯಲ್ಲಿ ಬೇಗನೆ ವೇಗ ಕಳೆದುಕೊಳ್ಳುವುದರಿಂದ ಅಡ್ಡಗಾಳಿಗೆ ಹೆಚ್ಚು ಸರಿಯುತ್ತದೆ. ಅಂಥ ಪೆಟ್ಟಿಗೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ವೇಗ ಎಷ್ಟಿದೆ ಎಂಬುದಕ್ಕಿಂತಲೂ ಅದು ಗುಂಡಿನಿಂದ ಗುಂಡಿಗೆ ಎಷ್ಟು ಸಮನಾಗಿದೆ ಎಂಬುದು ಮುಖ್ಯ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಾದರೆ, 50 ಮೀಟರ್ ದೂರದಲ್ಲಿ ಗುಂಡು ಸುಮಾರು 7 ಮಿಲಿಮೀಟರ್ ಮೇಲೆ ಅಥವಾ ಕೆಳಗೆ ಬೀಳುತ್ತದೆ. ಗುರಿಕಾಗದದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್, ಗುಂಡಿನದು 5.6, ಗೆರೆಯನ್ನು ತಾಗಿದರೂ ಹತ್ತೆಂದೇ ಲೆಕ್ಕವಾದ್ದರಿಂದ, ರಂಧ್ರದ ಮಧ್ಯಬಿಂದು ಗುರಿಯ ನಡುವಿನಿಂದ 8 ಮಿಲಿಮೀಟರ್ ಸರಿಯುವವರೆಗೂ ನಿಮಗೆ ಹತ್ತು ಸಿಗುತ್ತದೆ. ತೋಟಾದ ತಪ್ಪೇ ಅದರಲ್ಲಿ ಏಳನ್ನು ನುಂಗಿದರೆ, ನಿಮ್ಮ ಉಸಿರಿಗೂ ನಾಡಿಗೂ ಉಳಿಯುವುದು ಒಂದು ಮಿಲಿಮೀಟರ್ ಮಾತ್ರ.

ಪಾಯಿಂಟ್ ಟೂಟೂ ರಿಮ್‌ಫೈರ್ ಬಗೆಯ ತೋಟಾ; ಅದರಲ್ಲಿ ಕಿಡಿ ಹೊತ್ತಿಸುವ ಮದ್ದು ಕೇಸಿನ, ಅಂದರೆ ಲೋಹದ ಕವಚದ, ಅಂಚಿನೊಳಗೇ ಇರುವುದರಿಂದ, ಅದನ್ನು ಮನೆಯಲ್ಲಿ ಮತ್ತೆ ತುಂಬಿ ಸರಿಪಡಿಸಿಕೊಳ್ಳುವ ದಾರಿಯಿಲ್ಲ. ಕಾರ್ಖಾನೆ ಕೊಟ್ಟದ್ದೇ ಕೊನೆ. ಕಾರ್ಖಾನೆಯಲ್ಲಿಯೂ ಒಂದು ಲಾಟ್ ಇನ್ನೊಂದರಂತಿರುವುದಿಲ್ಲ, ಮತ್ತು ಒಂದೇ ಲಾಟ್ ಎರಡು ಬ್ಯಾರೆಲ್‌ಗಳಲ್ಲಿ ಒಂದೇ ಬಗೆಯಾಗಿ ನಡೆದುಕೊಳ್ಳುವುದಿಲ್ಲ. ಈಲಿ ಟೆನೆಕ್ಸ್, ಲಪುವಾ ಸೆಂಟರ್-ಎಕ್ಸ್, ಆರ್‌ಡಬ್ಲ್ಯೂಎಸ್ ಆರ್50, ಇವೆಲ್ಲ ಹೆಸರು ಗಳಿಸಿದ ತೋಟಾಗಳೇ. ಆದರೂ ನಾನು ಒಮ್ಮೆ ಹೆಸರನ್ನಷ್ಟೇ ನಂಬಿ, ಪರೀಕ್ಷಿಸದೆ, ಮೇಲ್ದರ್ಜೆಯ ಸಾವಿರ ತೋಟಾ ಕೊಂಡು ಕೈ ಸುಟ್ಟುಕೊಂಡಿದ್ದೇನೆ: ನನ್ನ ರೈಫಲ್ಲಿನಲ್ಲಿ ಅವು 30 ಮಿಲಿಮೀಟರ್ ಹರಡಿದವು, ಅದಕ್ಕಿಂತ ಕಡಿಮೆ ಬೆಲೆಯ ಹಳೆಯ ಲಾಟ್ 20ರೊಳಗೆ ಕೂಡಿಕೊಂಡಿತ್ತು.

ಲೈಸೆನ್ಸಿನಲ್ಲಿ ತೋಟಾದ ಮಿತಿ ನಮೂದಾಗಿರುವುದರಿಂದ ಪರೀಕ್ಷೆಯನ್ನು ಲೆಕ್ಕಾಚಾರದಿಂದಲೇ ನಡೆಸಬೇಕು. ಲೈಸೆನ್ಸ್ ಉಳ್ಳ ವ್ಯಾಪಾರಿಯಿಂದ ಅಥವಾ ಸಂಘದ ಮೂಲಕ ಮೂರು ಬೇರೆ ಬೇರೆ ಲಾಟ್‌ಗಳ ಒಂದೊಂದು ಪೆಟ್ಟಿಗೆ, ಅಂದರೆ ಐವತ್ತೈವತ್ತು ತೋಟಾ, ತರಿಸಿಕೊಳ್ಳಿ. ಪ್ರತಿ ಪೆಟ್ಟಿಗೆಯ ಮೊದಲ ಹತ್ತನ್ನು ಬ್ಯಾರೆಲ್ ಹದಕ್ಕೆ ಬರಲೆಂದೇ ಹಾರಿಸಿಬಿಡಿ. ಗುಂಡಿನ ಮೇಲಿರುವ ಮೇಣ ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದು, ಹಿಂದಿನ ಮೇಣ ಒಳಗೆ ಉಳಿದಿರುವವರೆಗೆ ಹೊಸದರ ನಿಜಗುಣ ಕಾಣಿಸುವುದಿಲ್ಲ. ಕಂಪನಿಯೇ ಬದಲಾದರೆ ಹತ್ತು ಸಾಲದು, ಇಪ್ಪತ್ತು ಬೇಕು. ಆಗ ಗ್ರೂಪ್, ಅಂದರೆ ಒಂದೇ ಗುರಿಗೆ ಹಾರಿಸಿದ ಗುಂಡುಗಳ ಗುಂಪು, ಒಂದು ಕಡಿಮೆಯಾಗಲಿ. ಉಳಿದವನ್ನು ಹತ್ತು ಹತ್ತರ ಗ್ರೂಪ್‌ಗಳಾಗಿ ಹಾರಿಸಿ. ಐದರ ಗ್ರೂಪನ್ನು ನಾನು ನಂಬುವುದಿಲ್ಲ: ಐದು ಗುಂಡು ಒಂದೇ ತೂತಿನಲ್ಲಿ ಹೋದದ್ದನ್ನು ಫೋಟೋ ತೆಗೆದು ತೋರಿಸುವವರು ಆರನೆಯದು ಎಲ್ಲಿ ಹೋಯಿತೆಂದು ಹೇಳುವುದಿಲ್ಲ.

ಪರೀಕ್ಷೆಯ ವೇಳೆ ರೈಫಲ್ ವೈಸ್‌ನಲ್ಲಿ ಬಿಗಿದಿರಬೇಕು, ಇಲ್ಲವಾದರೆ ಕನಿಷ್ಠ ಮರಳು ಚೀಲದ ಮೇಲಿರಬೇಕು. ತೋಳಿಗೆ ಸ್ಲಿಂಗ್ (ರೈಫಲ್ಲಿನ ಪಟ್ಟಿ) ಕಟ್ಟಿ ಮಲಗಿ ಹಾರಿಸಿದರೆ ಅಳತೆ ಸಿಗುವುದು ನಿಮ್ಮದೇ ಹೊರತು ತೋಟಾದ್ದಲ್ಲ. ಬೆಳಿಗ್ಗೆ ರೇಂಜಿನಲ್ಲಿ ಗಾಳಿ ತೋರಿಸುವ ಬಾವುಟಗಳು ಜೋತುಬಿದ್ದಿರುವ ಹೊತ್ತನ್ನು ಆರಿಸಿಕೊಳ್ಳಿ, ಆಷಾಢದ ಗಾಳಿಯಲ್ಲಿ ಈ ಕೆಲಸಕ್ಕೆ ಇಳಿಯಲೇಬೇಡಿ. ಆಮೇಲೆ ಗುರಿಕಾಗದಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಸರಾಸರಿಗಿಂತ ನಾನು ಹೆಚ್ಚು ಗಮನಿಸುವುದು ಗುಂಪಿನಿಂದ ಆಚೆ ಸಿಡಿದ ಒಂಟಿ ರಂಧ್ರವನ್ನು. ನಲವತ್ತರಲ್ಲಿ ಎರಡು ಹೀಗೆ ಸಿಡಿಯುವ ಲಾಟ್, ಉಳಿದ ಮೂವತ್ತೆಂಟನ್ನು ಎಷ್ಟೇ ಬಿಗಿಯಾಗಿ ಕೂಡಿಸಿದರೂ, ಸ್ಪರ್ಧೆಗೆ ಬಾರದು.

ದೆಹಲಿಯ ಕರ್ಣಿ ಸಿಂಗ್ ರೇಂಜಿನಲ್ಲಿ ಚಳಿಗಾಲದ ಬೆಳಿಗ್ಗೆ ಸ್ಪರ್ಧಿಸಬೇಕಾದವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು: ಬೆಂಗಳೂರಿನ ಹವೆಯಲ್ಲಿ ಮೃದುವಾಗಿದ್ದ ಮೇಣ ಅಲ್ಲಿನ ಚಳಿಗೆ ಗಟ್ಟಿಯಾಗುತ್ತದೆ. ತೋಟಾವನ್ನು ಹೊರಗಿನ ಬೆಂಚಿನ ಮೇಲೆ ತಣ್ಣಗಾಗಲು ಬಿಡದೆ ಕೋಣೆಯೊಳಗೇ ಇಟ್ಟು, ಬೇಕಾದಷ್ಟನ್ನೇ ಹೊರತೆಗೆಯಿರಿ. ನೆಲಕ್ಕೆ ಬಿದ್ದ ತೋಟಾವನ್ನು ಒರೆಸಿ ಬಳಸುವ ಆಸೆಯೂ ಬೇಡ. ಮೇಣಕ್ಕೆ ಅಂಟಿದ ಮರಳಿನ ಒಂದು ಕಣ ಬ್ಯಾರೆಲ್ಲಿನ ಒಳಮೈ ಗೀರಲು ಸಾಕು.

ಗೆದ್ದ ಲಾಟ್ ಯಾವುದೆಂದು ತಿಳಿದ ದಿನವೇ, ಅದೇ ಸಂಖ್ಯೆಯ ಪೆಟ್ಟಿಗೆಗಳನ್ನು ಲೈಸೆನ್ಸಿನ ಮಿತಿ ಒಪ್ಪುವಷ್ಟು ಕಾದಿರಿಸಿ. ತಿಂಗಳು ಕಳೆದು ಹೋದರೆ ವ್ಯಾಪಾರಿಯ ಕಪಾಟಿನಲ್ಲಿ ಅದೇ ಹೆಸರು, ಅದೇ ಬಣ್ಣ, ಬೇರೆ ಸಂಖ್ಯೆ ಇರುತ್ತದೆ. ಗುರಿಕಾಗದದ ಹಿಂಬದಿಯಲ್ಲಿ ಲಾಟ್ ಸಂಖ್ಯೆ, ದಿನಾಂಕ ಮತ್ತು ತಾಪಮಾನ ಬರೆದಿಡಿ. ದಾಸ್ತಾನು ಇನ್ನೂರಕ್ಕೆ ಇಳಿದಾಗ ಆ ಕಾಗದವನ್ನು ಹೊರತೆಗೆದು, ಮುಂದಿನ ಮೂರು ಪೆಟ್ಟಿಗೆಗಳಿಗೆ ಆರ್ಡರ್ ಕೊಡಿ.