ವೈನ್ ಶಾಪಿನ ಕೌಂಟರಿನಲ್ಲಿ ಏನೇನು ನೋಡಬೇಕು

ಮೊದಲು ಲೈಸೆನ್ಸ್ ಬೋರ್ಡು ಓದಿ. ಕರ್ನಾಟಕದಲ್ಲಿ ಸಿಎಲ್-2 ಎಂದರೆ ಚಿಲ್ಲರೆ ಅಂಗಡಿ: ಎಂಆರ್‌ಪಿ ಮೀರುವಂತಿಲ್ಲ, ಅಲ್ಲೇ ನಿಂತು ಕುಡಿಯುವಂತೆಯೂ ಇಲ್ಲ. ಸರ್ಕಾರಿ ಸಂಸ್ಥೆಯಾದ ಎಂಎಸ್ಐಎಲ್ ಮಳಿಗೆಯಲ್ಲೂ ಎಂಆರ್‌ಪಿಯೇ. ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್. ಅಲ್ಲಿ ದರದ ಲೆಕ್ಕ ಬೇರೆ, ಜಗಳ ದಂಡ.

ಬ್ರ್ಯಾಂಡಿನ ಜೊತೆ ಅಳತೆಯನ್ನೂ ಹೇಳಿ. ಕ್ವಾರ್ಟರ್ 180 ಎಂಎಲ್, ಹಾಫ್ 375, ಫುಲ್ 750. ಎರಡು ಕ್ವಾರ್ಟರ್ ಸೇರಿದರೆ 360 ಮಾತ್ರ, ಹಾಫಿಗಿಂತ 15 ಕಡಿಮೆ. ಟೆಟ್ರಾ ಪ್ಯಾಕೋ ಬಾಟಲಿಯೋ ಅನ್ನುವುದನ್ನೂ ಮೊದಲೇ ಹೇಳದಿದ್ದರೆ ಕೈಗೆ ಸಿಕ್ಕಿದ್ದು ಬರುತ್ತದೆ.

ದುಡ್ಡು ಕೊಡುವ ಮುಂಚೆ ಮುಚ್ಚಳ ತಿರುಗಿಸದೆ ನೋಡಿ. ಅಬಕಾರಿ ಚೀಟಿ ಹರಿದಿದ್ದರೆ, ಸೀಲು ಸಡಿಲವಿದ್ದರೆ ಅಲ್ಲೇ ವಾಪಸ್ ಕೊಡಿ. ಮನೆಗೆ ಹೋಗಿ ಬಂದರೆ ಯಾರೂ ನಂಬರು. ಬೀರಿಗೆ ತಯಾರಿಕೆಯ ತಿಂಗಳು ಮುಖ್ಯ, ಹೊಸದಾದಷ್ಟೂ ಒಳ್ಳೆಯದು. ಬಿಸಿಲು ತಾಗುವ ಷೋಕೇಸಿನ ಹಸಿರು ಬಾಟಲಿ ಬೇಡ, ಬೆಳಕಿಗೆ ಹಾಪ್ಸ್ (ಬೀರಿಗೆ ಕಹಿ ಕೊಡುವ ಹೂವು) ಕೆಟ್ಟು ನಾರುತ್ತದೆ.

‘ಕೂಲಿಂಗ್ ಚಾರ್ಜ್’ ಅಂತ ಹತ್ತು ರೂಪಾಯಿ ಸೇರಿಸಿದರೆ ಬಿಲ್ ಕೇಳಿ. ಬಿಲ್ ಅಂದ ಕೂಡಲೇ ಆ ಹತ್ತು ಎಷ್ಟೋ ಸಲ ಮಾಯವಾಗುತ್ತದೆ. ಆಗದಿದ್ದರೆ ಬಿಲ್ಲು, ಬಾಟಲಿಯ ಎಂಆರ್‌ಪಿ ಎರಡರ ಫೋಟೊ ಸಹಿತ ಅಬಕಾರಿ ಇಲಾಖೆಗೆ ದೂರು ಕೊಡಿ.