ಕುಡಿತ ಬಿಡಲು ನೆರವಾಗುವ ಸಭೆಯನ್ನು ಹುಡುಕುವವರಿಗೆ

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಸಭೆಗೆ ಹೋಗಬೇಕೆಂದಿರುವವರು ಅದು ಮುಕ್ತ ಸಭೆಯೇ ಎಂಬುದನ್ನು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ; ಮುಕ್ತ ಸಭೆಗೆ ಮನೆಯವರೂ ಜೊತೆಗೆ ಬರಬಹುದು, ಉಳಿದವುಗಳಿಗೆ ಕುಡಿತದ ಸಮಸ್ಯೆಯಿದ್ದು ಅದನ್ನು ಬಿಡುವ ಆಸೆಯುಳ್ಳವರಿಗೆ ಮಾತ್ರ ಪ್ರವೇಶ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಮೊದಲ ದಿನ ಸುಮ್ಮನೆ ಕೇಳಿಸಿಕೊಂಡು ಕುಳಿತಿದ್ದರೂ ಸಾಕು. ಸಭೆ ಚರ್ಚಿನ ಕೊಠಡಿಯಲ್ಲಿ ನಡೆಯುತ್ತದೆಂದು ಕೆಲವರು ಹಿಂಜರಿಯುತ್ತಾರೆ. ಅದು ಕೂಡಲು ಸಿಕ್ಕ ಜಾಗವಷ್ಟೇ, ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. ಬೆಂಗಳೂರಿನಂಥ ಊರಿನಲ್ಲಿ ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದೂ ವಿಚಾರಿಸಿ, ಏಕೆಂದರೆ ಮನಸ್ಸಿನ ಮಾತು ತನ್ನ ಭಾಷೆಯಲ್ಲೇ ಸಲೀಸಾಗಿ ಬರುತ್ತದೆ.

ಹಳ್ಳಿಗಳ ಕಡೆಯವರು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನೂ, ಅಲ್ಲಿ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಗಳನ್ನೂ ವಿಚಾರಿಸಬಹುದು. ಯಾವುದೂ ತಿಳಿಯದಿದ್ದರೆ ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ.

ಒಂದು ಎಚ್ಚರಿಕೆ: ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ, ಸಭೆಗೆ ಸೇರುವುದರ ಜೊತೆಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೋ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವನ್ನೋ ಕಂಡು, ಅವರ ಸಲಹೆಯಂತೆಯೇ ನಿಲ್ಲಿಸಬೇಕು. ಮನೆಯವರಿಗೆ ಅಲ್-ಅನಾನ್ ಎಂಬ ಪ್ರತ್ಯೇಕ ಗುಂಪುಗಳಿವೆ; ಕುಡಿಯುವವರು ಬರಲೊಪ್ಪದಿದ್ದರೂ ಮನೆಯವರು ಅಲ್ಲಿಗೆ ಹೋಗಬಹುದು.