ನಾಲೆಯ ನೀರು ಮೇಲಕ್ಕೆ ಹರಿಯಲ್ಲ: ಕಡಿಮೆ ಬೆಲೆಯ ಸೈಕಲ್ ಜಿಪಿಎಸ್ ಕೊಂಡ ಕಥೆ

ಎರಡು ವರ್ಷ ನಾನು ಸೈಕಲ್ ಹ್ಯಾಂಡಲ್‌ಗೆ ಮೊಬೈಲ್ ಸಿಕ್ಕಿಸಿಕೊಂಡೇ ಓಡಾಡಿದೆ. ಶಿವಮೊಗ್ಗದಿಂದ ಗಾಜನೂರು, ಇನ್ನೂ ಹುಮ್ಮಸ್ಸಿದ್ದರೆ ಮಂಡಗದ್ದೆ, ಅಲ್ಲೊಂದು ಕಾಫಿ, ವಾಪಸ್. ಅಷ್ಟಕ್ಕೆ ಮೊಬೈಲ್ ಧಾರಾಳ ಸಾಕಾಗುತ್ತಿತ್ತು.

ಕೈ ಕೊಟ್ಟಿದ್ದು ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೊರಟ ದಿನ. ಜೂನ್ ತಿಂಗಳು, ಕೇಳಬೇಕಾ? ಮಳೆ ಹನಿಗಳೇ ಸ್ಕ್ರೀನ್ ಒತ್ತತೊಡಗಿದವು. ರೆಕಾರ್ಡಿಂಗ್ ನಿಂತಿತು, ಇನ್ಯಾವುದೋ ಆ್ಯಪ್ ತೆರೆಯಿತು, ಕೊನೆಗೆ ಅಕ್ಕನಿಗೆ ಫೋನ್ ಹೋಯಿತು. "ಎಂತದೋ ಇಷ್ಟು ಬೆಳಿಗ್ಗೆ?" ಅಂತ ಅವಳಿಗೆ ಗಾಬರಿ. ಒದ್ದೆ ಬೆರಳಲ್ಲಿ ಕಟ್ ಮಾಡಲೂ ಆಗಲಿಲ್ಲ. ಆಗುಂಬೆ ತಲುಪುವ ಹೊತ್ತಿಗೆ ಚಾರ್ಜ್ 11 ಪರ್ಸೆಂಟ್. ದಾರಿಯಲ್ಲಿ ಏನಾದರೂ ಆದರೆ ಮನೆಗೆ ಫೋನ್ ಮಾಡಲು ಇರುವುದು ಅದೊಂದೇ ಅಲ್ವಾ? ಅವತ್ತೇ ತೀರ್ಮಾನಿಸಿದೆ: ಮೊಬೈಲ್ ಜೇಬಿಗೆ, ಹ್ಯಾಂಡಲ್‌ಗೆ ವೇಗ, ದೂರ ತೋರಿಸುವ ಬೇರೆ ಜಿಪಿಎಸ್ ಮೀಟರ್.

ಬೆಂಗಳೂರಿನಲ್ಲಿರುವ ತಮ್ಮನ ಮಗನನ್ನು ಕೇಳಿದೆ. "ದೊಡ್ಡಪ್ಪ, ಕಲರ್ ಮ್ಯಾಪ್, ಟಚ್ ಸ್ಕ್ರೀನ್ ಇರೋದೇ ತಗೊಳ್ಳಿ" ಅಂದ. ಅವನು ಹೇಳಿದ್ದರ ಬೆಲೆ ನೋಡಿದೆ. ಆ ದುಡ್ಡಿಗೆ ಇನ್ನೊಂದು ಸೈಕಲ್ಲೇ ಬರುತ್ತಿತ್ತು. ಅಲ್ಲದೆ ನನಗೆ ಮ್ಯಾಪ್ ಯಾಕೆ? ತೀರ್ಥಹಳ್ಳಿ ರಸ್ತೆಯಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ. ತಪ್ಪಿದರೂ ಯಾರದ್ದಾದರೂ ತೋಟದ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ, ಅವರು ಕಾಫಿ ಕೊಟ್ಟು ದಾರಿ ಹೇಳುತ್ತಾರೆ. ಟಚ್ ಸ್ಕ್ರೀನ್‌ನ ಬಣ್ಣವಂತೂ ಆಗುಂಬೆಯಲ್ಲೇ ಬಯಲಾಗಿತ್ತು. ನನಗೆ ಬೇಕಿದ್ದದ್ದು ಗುಂಡಿ ಒತ್ತುವ ಮೀಟರ್.

ಬಜೆಟ್ ಆರು ಸಾವಿರದ ಒಳಗೆ. ಆ ಬೆಲೆಗೆ ಎಕ್ಸಾಸ್, ಐಜಿಪಿಸ್ಪೋರ್ಟ್, ಮಜೀನ್ ಅಂತ ಚೀನಾದ ಹೆಸರುಗಳು ಸಿಗುತ್ತವೆ. ಸ್ವಲ್ಪ ಮೇಲೆ ತೈವಾನಿನ ಬ್ರೈಟನ್. ಗಾರ್ಮಿನ್ ಬೇಕೆಂದರೆ ಸಣ್ಣದಕ್ಕೂ ಬಜೆಟ್ ದಾಟಬೇಕು. ಬ್ಯಾಟರಿಯಲ್ಲಿ ಮಾತ್ರ ಅಗ್ಗದ್ದೇ ಮುಂದಿರುವುದೂ ಉಂಟು. ಗಾರ್ಮಿನ್‌ನ ಎಡ್ಜ್ 130 ಪ್ಲಸ್‌ಗೆ ಕಂಪನಿ ಹೇಳುವುದು 12 ಗಂಟೆ, ಐಜಿಪಿಸ್ಪೋರ್ಟ್‌ನ ಬಿಎಸ್‌ಸಿ100ಎಸ್‌ಗೆ 40 ಗಂಟೆ. 200 ಕಿ.ಮೀ. ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಕೊಡುವ ಸಮಯ 13 ಗಂಟೆ 30 ನಿಮಿಷ. ನನ್ನಂಥ ನಿಧಾನದವರಿಗೆ ಕೊನೇ ಗಂಟೆಯವರೆಗೂ ಮೀಟರ್ ಬೇಕಾಗುತ್ತದೆ.

ಆದರೂ ಮೊದಲು ಜಿಪುಣತನ ಮಾಡಿದೆ. ಎರಡೂವರೆ ಸಾವಿರದ ಒಂದನ್ನು ಆನ್‌ಲೈನಲ್ಲಿ ತರಿಸಿದೆ. ಹೆಸರು ಬೇಡ ಬಿಡಿ. ವೇಗ, ದೂರ ಎಲ್ಲ ಸುಮಾರಾಗಿ ಸರಿಯಿತ್ತು. ಹತ್ತಿದ ಎತ್ತರದ ಲೆಕ್ಕದ ಮೇಲೆ ಮಾತ್ರ ಅನುಮಾನ ಬಂತು. ಮಲೆನಾಡಿನಲ್ಲಿ ಸೈಕಲ್ ತುಳಿಯುವವರಿಗೆ ದೂರಕ್ಕಿಂತ ಏರಿನ ಲೆಕ್ಕವೇ ಮುಖ್ಯ, ಅದೇ ಸುಳ್ಳಾದರೆ ಮಜಾ ಏನು?

ಪರೀಕ್ಷೆಗೆ ತುಂಗಾ ನಾಲೆಯ ಏರಿಯನ್ನು ಆರಿಸಿಕೊಂಡೆ. ನಾಲೆ ಎಂದರೆ ಹೆಚ್ಚು ಕಡಿಮೆ ಮಟ್ಟಸ, ನೀರು ಹರಿಯಲು ಬೇಕಾದಷ್ಟೇ ಇಳಿಜಾರು. ಅದರ ಪಕ್ಕದಲ್ಲೇ ಹತ್ತು ಕಿ.ಮೀ. ಹೋಗಿ ಬಂದರೆ ಹತ್ತಿದ್ದು ಲೆಕ್ಕಕ್ಕೆ ಬರಬಾರದು. ಮೀಟರ್ 140 ಮೀಟರ್ ಏರು ತೋರಿಸಿತು! ನಾಲೆಯ ನೀರು ಎಲ್ಲಾದರೂ ಮೇಲಕ್ಕೆ ಹರಿಯುತ್ತದಾ ಮಾರಾಯ್ರೆ?

ಕಾರಣ ಸರಳ. ಉಪಗ್ರಹಗಳೆಲ್ಲ ನಮ್ಮ ತಲೆ ಮೇಲೆ ಇರುತ್ತವೆ, ಕಾಲ ಕೆಳಗೆ ಒಂದೂ ಇಲ್ಲ. ಹಾಗಾಗಿ ಜಿಪಿಎಸ್‌ಗೆ ಎಡ ಬಲ ಹೇಳುವಷ್ಟು ಸಲೀಸಾಗಿ ಮೇಲೆ ಕೆಳಗೆ ಹೇಳಲು ಬರುವುದಿಲ್ಲ. ಕೂತಲ್ಲೇ ಎತ್ತರ ನಾಲ್ಕು ಮೀಟರ್ ಅತ್ತಿತ್ತ ಆಡುತ್ತದೆ, ಮೀಟರ್ ಆ ಏರಿಳಿತದಲ್ಲಿ ಏರನ್ನಷ್ಟೇ ಕೂಡಿಸುತ್ತಾ ಹೋಗುತ್ತದೆ. ಇದಕ್ಕೆ ಮದ್ದು ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್. ನಾನು ತರಿಸಿದ್ದರಲ್ಲಿ ಅದು ಇರಲಿಲ್ಲ. ಬಾಕ್ಸ್ ಮೇಲೆ ಬರೆದದ್ದನ್ನು ಓದದೆ ಕೊಂಡದ್ದು ನನ್ನದೇ ತಪ್ಪು. ವಾಪಸ್ ಕಳಿಸಿದೆ.

ಎರಡನೆಯದು ಐದೂವರೆ ಸಾವಿರದ್ದು. ಬ್ಯಾರೋಮೀಟರ್, ಗುಂಡಿಗಳು, ಬ್ಲೂಟೂತ್, ಸೆನ್ಸರ್‌ಗಳ ಜೊತೆ ವೈರಿಲ್ಲದೆ ಮಾತಾಡುವ ಆ್ಯಂಟ್ ಪ್ಲಸ್, ಐಪಿಎಕ್ಸ್7. ಈ ಕೊನೆಯದರ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಗೆ ನೀರು ಹೋಗಬಾರದು ಅಂತ. ಅದೇ ನಾಲೆ, ಅದೇ ಹತ್ತು ಕಿ.ಮೀ. ಈ ಸಲ 9 ಮೀಟರ್. ಒಪ್ಪಿದೆ.

ಬ್ಯಾರೋಮೀಟರ್‌ಗೂ ಅದರದ್ದೇ ಹುಚ್ಚಾಟ ಇದೆ. ಮಳೆಗಾಲದಲ್ಲಿ ಮೋಡ ಕಟ್ಟಿ ಒತ್ತಡ ಇಳಿದರೆ ಅದು ನಾವು ಮೇಲೆ ಹತ್ತಿದ್ದೇವೆ ಅಂತಲೇ ತಿಳಿಯುತ್ತದೆ. ಒಂದು ಮಿಲಿಬಾರ್ ಇಳಿದರೆ ಸುಮಾರು ಎಂಟು ಮೀಟರ್ ಏರು. ಒಮ್ಮೆ ಮಂಡಗದ್ದೆಯಲ್ಲಿ ಮಳೆ ನಿಲ್ಲಲಿ ಅಂತ ಹೋಟೆಲಿನೊಳಗೆ ಮುಕ್ಕಾಲು ಗಂಟೆ ಕೂತಿದ್ದೆ, ಮೀಟರ್ 12 ಮೀಟರ್ ಮೇಲಕ್ಕೆ ಹೋಗಿತ್ತು. ಹೋಟೆಲಿನವರಿಗೆ ತೋರಿಸಿದರೆ, "ಬನ್ಸ್ ತಿಂದೇ ಘಾಟಿ ಹತ್ತಿದ್ರಲ್ಲ" ಅಂದರು. ಅದಕ್ಕೇ ಹೊರಡುವ ಮುಂಚೆ ಎತ್ತರ ಸರಿಮಾಡಿಕೊಳ್ಳುತ್ತೇನೆ. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡ್ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತದಲ್ಲ, ಅದನ್ನು ನೋಡಿ ಅಲ್ಲೇ ನಿಂತು ಮೀಟರಿಗೆ ತುಂಬಿದರಾಯಿತು. ಇನ್ನೊಂದು, ಗಾಳಿ ಹೋಗಲು ಮೀಟರಿನ ಹಿಂದೆ ಸಣ್ಣ ತೂತಿರುತ್ತದೆ. ಅದಕ್ಕೆ ಕೆಸರು ಮೆತ್ತಿದರೆ ಎಂಥ ಏರಿನಲ್ಲೂ ಎತ್ತರ ಅಲ್ಲಾಡುವುದಿಲ್ಲ. ಪಿನ್ ಹಾಕಿ ಚುಚ್ಚಬೇಡಿ, ನೀರಲ್ಲಿ ಅಲ್ಲಾಡಿಸಿ ತೊಳೆದರೆ ಸಾಕು.

ಆಮೇಲೆ ಕಾಡು. ಮರಗಳು ರಸ್ತೆಗೆ ಚಪ್ಪರ ಹಾಕಿದ ಕಡೆ, ಅದರಲ್ಲೂ ಎಲೆಗಳು ನೆನೆದಾಗ ಸಿಗ್ನಲ್ ಮಂಕಾಗುತ್ತದೆ. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಜಿಪಿಎಸ್ ಬರೆದ ನನ್ನ ದಾರಿಯ ಗೆರೆ ರಸ್ತೆ ಬಿಟ್ಟು ಕಾಡೊಳಗೆ ಅಡ್ಡ ಹಾಯ್ದಿತ್ತು, ದೂರವೂ ಕಡಿಮೆ ಬಂದಿತ್ತು. ಇದಕ್ಕೆ ಚಕ್ರದ ಹಬ್‌ಗೆ ಸುತ್ತುವ ಸ್ಪೀಡ್ ಸೆನ್ಸರ್ ಹಾಕಿದೆ. ಸಾವಿರ ಚಿಲ್ಲರೆ ರೂಪಾಯಿ, ಒಳಗೆ ಬಿಲ್ಲೆ ಸೆಲ್. ಗೆರೆ ಹೇಗಾದರೂ ಇರಲಿ, ದೂರ ಈಗ ಚಕ್ರದ ಸುತ್ತಿನಿಂದ ಬರುತ್ತದೆ.

ಇದಕ್ಕೆ ಮೀಟರಿಗೆ ತುಂಬಬೇಕಾದ ಚಕ್ರದ ಸುತ್ತಳತೆಯನ್ನು ಟೈರ್ ಅಳತೆಗಳ ಸಿದ್ಧ ಪಟ್ಟಿ ನೋಡಿ ಹಾಕಬೇಡಿ. 700 x 32 ಟೈರಿಗೆ ಪಟ್ಟಿಯಲ್ಲಿ 2155 ಮಿ.ಮೀ. ಅಂತಿದೆ. ನಾನು ಸೀಟಿನ ಮೇಲೆ ಕೂತು, ವಾಲ್ವ್ ಕೆಳಗೆ ಬಂದಾಗ ಸೀಮೆಸುಣ್ಣದ ಗುರುತು ಹಾಕಿಸಿ, ಅಂಗಳದಲ್ಲಿ ಮೂರು ಸುತ್ತು ಉರುಳಿಸಿ ಟೇಪ್ ಹಿಡಿದು ಮೂರರಿಂದ ಭಾಗಿಸಿದೆ. ಬಂದದ್ದು 2135. ನನ್ನ ಭಾರಕ್ಕೆ ಟೈರು ತಗ್ಗುತ್ತದೆ, ಇನ್ನೇನು. ನೂರು ಕಿ.ಮೀ.ಗೆ ಹೆಚ್ಚು ಕಡಿಮೆ ಒಂದು ಕಿ.ಮೀ. ವ್ಯತ್ಯಾಸ ಅದು.

ಹ್ಯಾಂಡಲ್ ಮೌಂಟಿನ ರಬ್ಬರ್ ಬ್ಯಾಂಡ್ ಮಾತ್ರ ನಂಬಬೇಡಿ. ನನ್ನದು ಒಂದೇ ವರ್ಷಕ್ಕೆ ಬಿರುಕು ಬಿಟ್ಟು, ರಸ್ತೆಯ ಹೊಂಡವೊಂದರಲ್ಲಿ ಮೀಟರ್ ಹಾರಿ ಚರಂಡಿಗೆ ಬಿತ್ತು. ಹುಡುಕುವಾಗ ಎರಡು ಉಂಬಳ ಹತ್ತಿದವು. ಈಗ ದಾರ ಕಟ್ಟಿದ್ದೇನೆ. ಮನೆಗೆ ಬಂದ ಕೂಡಲೇ ಚಾರ್ಜಿಗೂ ಹಾಕುವುದಿಲ್ಲ. ಪಿನ್ನಿನ ಜಾಗದಲ್ಲಿ ನೀರಿದ್ದರೆ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಅದು ಒಂದು ರಾತ್ರಿ ಅಡುಗೆಮನೆಯಲ್ಲಿ ಒಲೆಯಿಂದ ಸ್ವಲ್ಪ ದೂರ, ನನ್ನ ಸಾಕ್ಸಿನ ಪಕ್ಕ ಒಣಗುತ್ತಿರುತ್ತದೆ. ಸಾಕ್ಸಿನ ಬಗ್ಗೆ ಮನೆಯವಳ ತಕರಾರಿದೆ, ಮೀಟರಿನ ಬಗ್ಗೆ ಇಲ್ಲ.